'ಪುರಾವೆ'ಗೂ ಮೊದಲು ಹುಡುಕಿದ್ದು

ಸಾಂಕ್ರಾಮಿಕದ ದಿನಗಳಿಂದ ಈಚೆಗೆ ಆಪ್ತಸಲಹೆಗಾರ್ತಿಯಾದ ನನ್ನ ಮುಂದೆ ಬೇರೆ ಬೇರೆ ರೂಪದಲ್ಲಿ ಮರಳಿ ಬರುತ್ತಿರುವ ಪ್ರಕರಣವಿದು. ಗುರುತು ಸಿಗದಂತೆ ವಿವರಗಳನ್ನು ಬದಲಿಸಿದ್ದೇನೆ. ಸಲಹಾರ್ಥಿ ಮೂವತ್ತರ ಆಸುಪಾಸಿನವರು. ಕೋವಿಡ್‌ನಿಂದ ತಂದೆ ತೀರಿಕೊಂಡ ಮೇಲೆ ರಾತ್ರಿ ಮೂರರವರೆಗೂ ಮೊಬೈಲಿನಲ್ಲಿ ಹುಡುಕುತ್ತ ಕೂರುತ್ತಿದ್ದರು. ರೋಗ ಹರಡಿದ್ದು 5ಜಿ ಟವರುಗಳಿಂದಲೇ ಎಂದು ಮನೆಯವರೊಡನೆ ಜಗಳವಾಡುತ್ತಿದ್ದರು.

ಮೊದಲ ಭೇಟಿಯಲ್ಲಿ ನಾನು ವಾದಕ್ಕಿಳಿದೆ. ರೇಡಿಯೊ ತರಂಗ ವೈರಾಣುವನ್ನು ಹೊತ್ತೊಯ್ಯಲಾರದು, 5ಜಿ ಇಲ್ಲದ ದೇಶಗಳಲ್ಲೂ ಕೋವಿಡ್ ಹಬ್ಬಿತು, 1889–90ರಲ್ಲಿ ಜಗತ್ತಿನಲ್ಲೆಲ್ಲ ಹಬ್ಬಿದ 'ರಷ್ಯನ್ ಫ್ಲೂ' ಜ್ವರದ ಕಾಲದಲ್ಲಿ ಜನ ವಿದ್ಯುದ್ದೀಪವನ್ನೂ ಹೀಗೆಯೇ ಶಂಕಿಸಿದ್ದರು ಎಂದೆಲ್ಲ ವಿವರಿಸಿದೆ. ಹೇಳಿದ್ದೆಲ್ಲ ನಿಜವೇ. ಅವರು ಮಾತ್ರ ಮುಂದಿನ ವಾರ ಇನ್ನಷ್ಟು 'ಪುರಾವೆ'ಗಳನ್ನು ತಂದರು.

ಎರಡನೇ ಭೇಟಿಯಲ್ಲಿ, ಬ್ರೌಸರಿನ ಹಿಸ್ಟರಿ ತೆರೆದು ತಾವು ಹುಡುಕಿದ್ದನ್ನೆಲ್ಲ ಒಂದೊಂದಾಗಿ ಓದುವಂತೆ ಕೇಳಿಕೊಂಡೆ. ಮೇಲಿನ ಸಾಲುಗಳಲ್ಲಿ 'ಟವರ್', 'ಮುಚ್ಚಿಟ್ಟ ಸತ್ಯ', 'ಪುರಾವೆ' ಎಂಬ ಪದಗಳೇ ತುಂಬಿದ್ದವು. ಕೇಳಿದ ಪದಗಳಿಗೆ ಹೊಂದುವ ಪುಟಗಳನ್ನೇ ಸರ್ಚ್ ಎಂಜಿನ್ ಮುಂದಿಡುತ್ತದೆ; ಇಂಥ ಪದಗಳನ್ನು ಬಳಸಿ ಬರೆಯುವವರು ಹೆಚ್ಚಾಗಿ ಆ ಸುದ್ದಿಯನ್ನು ನಂಬಿದವರೇ ಆದ್ದರಿಂದ, ಹುಡುಕಿದಷ್ಟೂ ಅನುಮಾನ ಗಟ್ಟಿಯಾಗುತ್ತಲೇ ಹೋಗುತ್ತದೆ. ಓದುತ್ತ ಹಿಂದಿನ ದಿನಗಳಿಗೆ ಸರಿದ ಅವರು ಒಂದು ಸಾಲಿನಲ್ಲಿ ನಿಂತುಬಿಟ್ಟರು. ತಂದೆ ತೀರಿಕೊಂಡ ಮಾರನೆಯ ರಾತ್ರಿ 2.40ಕ್ಕೆ ಬರೆದದ್ದು: 'ಕೆಮ್ಮು ಇದ್ದ ಮಗನಿಂದ ಅಪ್ಪನಿಗೆ ಕೊರೊನಾ ಬರುತ್ತದೆಯೇ'. ಮೊಬೈಲನ್ನು ಮೇಜಿನ ಮೇಲೆ ಮಗುಚಿಟ್ಟು, "ಟವರಿನಿಂದ ಬಂದಿದ್ದರೆ ನನ್ನಿಂದ ಬಂದಿಲ್ಲ ಅಂತಾಯ್ತಲ್ಲ, ಮೇಡಂ" ಎಂದರು.

'ನಿಮ್ಮಿಂದ ಬಂದಿರಲಿಕ್ಕಿಲ್ಲ' ಎಂದು ಸಮಾಧಾನ ಹೇಳಬಹುದಿತ್ತು, ಹೇಳಲಿಲ್ಲ. ಗೊತ್ತಿಲ್ಲದ್ದನ್ನು ಗೊತ್ತಿರುವಂತೆ ಹೇಳಿದರೆ ಆ ಪುಟಗಳಿಗೂ ನನಗೂ ವ್ಯತ್ಯಾಸ ಉಳಿಯುವುದಿಲ್ಲ. ಸೋಂಕು ತಗಲಿದ ಮೇಲೆ ಲಕ್ಷಣ ಕಾಣಿಸಲು ಸಾಮಾನ್ಯವಾಗಿ 5–6 ದಿನ, ಕೆಲವರಲ್ಲಿ 14 ದಿನವೂ ಹಿಡಿಯುತ್ತಿತ್ತು. ಲಕ್ಷಣ ಕಾಣುವ ಮೊದಲೇ ಅದು ಇನ್ನೊಬ್ಬರಿಗೆ ದಾಟುತ್ತಿತ್ತು. ಆದ್ದರಿಂದ ಈ ಪ್ರಶ್ನೆಗೆ ಯಾವ ಪುಟದಲ್ಲೂ ಉತ್ತರ ಸಿಗಲಾರದೆಂದೂ, ಅರಿಯದೆ ದಾಟಿದ ಸೋಂಕು ಅಪರಾಧವಲ್ಲವೆಂದೂ ತಿಳಿಸಿದೆ.

ಕೊಟ್ಟ ಸಲಹೆ ಎರಡೇ. ರಾತ್ರಿ ಹುಡುಕಬೇಕೆನಿಸಿದರೆ ಪ್ರಶ್ನೆಯನ್ನು ಕಾಗದದ ಮೇಲೆ ಬರೆದು, ಉತ್ತರ ಸಿಕ್ಕರೆ ನಾಳೆ ಏನು ಮಾಡುವೆನೆಂಬುದನ್ನು ಅದರ ಕೆಳಗೆ ಬರೆಯಬೇಕು. ಬರೆಯಲು ಏನೂ ತೋಚದಿದ್ದರೆ ಹುಡುಕಬಾರದು. ಇನ್ನೊಂದು, ಆ 2.40ರ ಸಾಲನ್ನು ತಾಯಿಯೆದುರು ಬಾಯಿಬಿಟ್ಟು ಹೇಳಬೇಕು.

ಸುಳ್ಳನ್ನು ತಿದ್ದದೆ ಬಿಟ್ಟಿರೆಂದು ಸಹೋದ್ಯೋಗಿಯೊಬ್ಬರು ಆಕ್ಷೇಪಿಸಿದರು. 2020ರ ಏಪ್ರಿಲ್‌ನಲ್ಲಿ ಬ್ರಿಟನ್ನಿನಲ್ಲಿ ಇದೇ ಸುಳ್ಳು ಹಬ್ಬಿ ಟವರುಗಳಿಗೆ ಬೆಂಕಿ ಬಿದ್ದದ್ದನ್ನು ಬಲ್ಲ ನಾನು, ತಿದ್ದುವುದೇ ಬೇಡ ಎನ್ನಲಾರೆ. ಆದರೆ ತಪ್ಪಿತಸ್ಥ ಭಾವದಿಂದ ಪಾರಾಗಲು ಒಬ್ಬರು ಹಿಡಿದುಕೊಂಡಿರುವ ಆಸರೆಯನ್ನು ವಾದ ಮಾಡಿ ಕಿತ್ತುಕೊಂಡರೆ, ಅವರು ಅಂಥದ್ದೇ ಇನ್ನೊಂದನ್ನು ಹುಡುಕಿ ಹೊರಡುತ್ತಾರೆಂಬುದು ನನ್ನ ಅನುಭವ. ನಿಮ್ಮ ಮನೆಯಲ್ಲೂ ಯಾರಾದರೂ ಇಂಥ ವಿಡಿಯೊಗಳನ್ನು ಕಳಿಸುತ್ತಿದ್ದರೆ, ಇದನ್ನು ಹುಡುಕಲು ಶುರುಮಾಡಿದ್ದು ಯಾವಾಗ, ಆ ದಿನ ಏನಾಗಿತ್ತು ಎಂದು ದಯವಿಟ್ಟು ಮೊದಲು ಕೇಳಿ.

ಮೂರನೇ ಭೇಟಿಗೆ ಬರುವಷ್ಟರಲ್ಲಿ ಅವರು ತಾಯಿಯೊಡನೆ ಮಾತಾಡಿದ್ದರು. ತಮಗೂ ಆ ವಾರ ಗಂಟಲು ಕೆರೆತವಿತ್ತೆಂದೂ, ಅದನ್ನು ಯಾರಿಗೂ ಹೇಳಿರಲಿಲ್ಲವೆಂದೂ ತಾಯಿ ಅಂದು ಮೊದಲ ಬಾರಿಗೆ ಹೇಳಿಕೊಂಡರಂತೆ.