ಡಲ್ಲಾಸ್ ಪಿಸ್ತೂಲು ನ್ಯೂಜೆರ್ಸಿಯಲ್ಲಿ ನಡೆಯುತ್ತಾ?

ಅಮೆರಿಕದ ಓದುಗರಿಂದ ಈ ಸಲ ಬಂದಿರುವುದೆಲ್ಲ ಬಂದೂಕಿನ ಪ್ರಶ್ನೆಗಳೇ. ಒಂದು ರಾಜ್ಯದಲ್ಲಿ ಪಿಸ್ತೂಲನ್ನು ಅಂಗಿಯೊಳಗೆ ಮರೆಮಾಡಿಕೊಂಡು ಓಡಾಡಲು ಅನುಮತಿ ಇದ್ದರೆ, ಬೇರೆ ರಾಜ್ಯಗಳಲ್ಲೂ ಅದು ನಡೆಯಬೇಕು ಎನ್ನುವ ಮಸೂದೆಯೊಂದು ಅಲ್ಲಿದೆ. ಅದರ ಸಂಖ್ಯೆ ಎಚ್.ಆರ್. 38. ನಾರ್ತ್ ಕೆರೊಲಿನಾದ ರಿಪಬ್ಲಿಕನ್ ಸದಸ್ಯ ರಿಚರ್ಡ್ ಹಡ್ಸನ್ 2025ರ ಜನವರಿಯಲ್ಲಿ ಮಂಡಿಸಿದ್ದು. ಪತ್ರಗಳನ್ನು ನೋಡಿದರೆ ಮಸೂದೆ ಓದಿದವರಿಗಿಂತ ಅದರ ವಾಟ್ಸಾಪ್ ಫಾರ್ವರ್ಡ್ ಓದಿದವರೇ ಜಾಸ್ತಿ ಅನ್ನಿಸುತ್ತದೆ.

ಪ್ರಶ್ನೆ: ನಾನು ಡಲ್ಲಾಸ್ ಹತ್ತಿರದ ಪ್ಲೇನೊದಲ್ಲಿದ್ದೇನೆ. ಗ್ರೀನ್ ಕಾರ್ಡ್ ಇದೆ, ಟೆಕ್ಸಾಸ್‌ನ ಕ್ಯಾರಿ ಲೈಸೆನ್ಸೂ ಇದೆ. ಮಸೂದೆ ಪಾಸಾಯ್ತು ಅಂತ ಗೆಳೆಯರು ಹೇಳುತ್ತಿದ್ದಾರೆ. ನ್ಯೂಜೆರ್ಸಿಯ ಅಕ್ಕನ ಮನೆಗೆ ಕಾರಿನಲ್ಲೇ ಹೊರಟಿದ್ದೇವೆ, ದೂರದ ದಾರಿ. ಪಿಸ್ತೂಲು ಜೊತೆಗೆ ಇಟ್ಟುಕೊಳ್ಳಬಹುದಾ?

ಉತ್ತರ: ಬೇಡ. ಮನೆಯ ಲಾಕರ್‌ನಲ್ಲಿ ಇಟ್ಟು ಹೊರಡಿ.

ನಿಮ್ಮ ಗೆಳೆಯರು ಹೇಳುವ ಪಾಸು 2025ರ ಮಾರ್ಚ್ 25ರದ್ದಿರಬೇಕು. ಅವತ್ತು ಅಮೆರಿಕ ಸಂಸತ್ತಿನ ಕೆಳಮನೆಯ ನ್ಯಾಯಾಂಗ ಸಮಿತಿ 18-9 ಮತಗಳಿಂದ ಮಸೂದೆಯನ್ನು ಮುಂದಕ್ಕೆ ಕಳಿಸಿತು, ಅಷ್ಟೇ. ಸಮಿತಿ ದಾಟಿದ ಮಾತ್ರಕ್ಕೆ ಕಾನೂನು ಆಗುವುದಿಲ್ಲ. ಇದೇ ಸಂಖ್ಯೆಯ, ಹೆಚ್ಚುಕಡಿಮೆ ಇದೇ ಮಸೂದೆ 2017ರ ಡಿಸೆಂಬರ್‌ನಲ್ಲಿ ಇಡೀ ಕೆಳಮನೆಯಲ್ಲಿ 231-198ರಿಂದ ಗೆದ್ದಿತ್ತು. ಮೇಲ್ಮನೆಯಾದ ಸೆನೆಟ್ ಅದನ್ನು ಕೈಗೆತ್ತಿಕೊಳ್ಳಲೇ ಇಲ್ಲ. ಸೆನೆಟ್‌ನಲ್ಲಿ ಇಂಥದ್ದು ದಾಟಬೇಕಾದರೆ 100ರಲ್ಲಿ 60 ಜನ ಒಪ್ಪಬೇಕು. 2013ರಲ್ಲಿ ಇದೇ ಉದ್ದೇಶದ ತಿದ್ದುಪಡಿಗೆ ಅಲ್ಲಿ 57 ಮತ ಬಿತ್ತು, ಮೂರು ಮತದಲ್ಲಿ ಬಿದ್ದುಹೋಯಿತು. 2009ರಲ್ಲಿ 58.

ಹಾಗಾಗಿ ಇವತ್ತಿಗೂ ಹಳೇ ಲೆಕ್ಕವೇ ಲೆಕ್ಕ. ನಿಮ್ಮ ಲೈಸೆನ್ಸನ್ನು ಯಾವ ರಾಜ್ಯ ಒಪ್ಪಬೇಕು ಅನ್ನೋದನ್ನು ಆಯಾ ರಾಜ್ಯವೇ ತೀರ್ಮಾನಿಸುತ್ತದೆ, ಮತ್ತು ನ್ಯೂಜೆರ್ಸಿ ಹೊರಗಿನ ಯಾರ ಪರ್ಮಿಟ್ಟನ್ನೂ ಒಪ್ಪುವುದಿಲ್ಲ. 2013ರಲ್ಲಿ ಫಿಲಡೆಲ್ಫಿಯಾದ ಒಬ್ಬ ತಾಯಿ ನದಿ ದಾಟಿ ನ್ಯೂಜೆರ್ಸಿಗೆ ಹೋಗಿದ್ದರು. ಸಂಚಾರದ ಸಣ್ಣ ತಪ್ಪಿಗೆ ಪೊಲೀಸರು ಕಾರು ನಿಲ್ಲಿಸಿದಾಗ, ಪಿಸ್ತೂಲು ಇದೆ, ಪೆನ್ಸಿಲ್ವೇನಿಯಾದ ಪರ್ಮಿಟ್ಟೂ ಇದೆ ಎಂದು ಅವರೇ ಬಾಯಿಬಿಟ್ಟು ಹೇಳಿದರು. ಅಲ್ಲೇ ಬಂಧನ. ವರ್ಷಗಟ್ಟಲೆ ಕಡ್ಡಾಯ ಜೈಲು ಎದುರಿಗಿತ್ತು, ಕೊನೆಗೆ 2015ರಲ್ಲಿ ಗವರ್ನರ್ ಕ್ರಿಸ್ ಕ್ರಿಸ್ಟಿ ಕ್ಷಮಾದಾನ ಕೊಟ್ಟ ಮೇಲೆ ಪೂರ್ತಿ ಬಿಡುಗಡೆ ಸಿಕ್ಕಿತು. ಸತ್ಯ ಹೇಳಿದ್ದಕ್ಕೆ ಯಾರೂ ರಿಯಾಯಿತಿ ಕೊಡಲಿಲ್ಲ.

ಡಿಕ್ಕಿಯಲ್ಲಿ ಬೀಗ ಹಾಕಿ ಇಟ್ಟರೆ ಸರಿ ಅಲ್ವಾ ಅಂತ ಕೇಳುತ್ತೀರಿ. 1986ರ ಕೇಂದ್ರ ಕಾನೂನಿನಲ್ಲಿ ಅಂಥ ರಕ್ಷಣೆ ಇದೆ, ನಿಜ. ಗುಂಡು ತುಂಬಿರಬಾರದು, ಬಂದೂಕೂ ಗುಂಡೂ ಕೂತವರ ಕೈಗೆ ಸಿಗುವಂತಿರಬಾರದು. ಡಿಕ್ಕಿ ಇಲ್ಲದ ಗಾಡಿಯಾದರೆ ಬೀಗದ ಪೆಟ್ಟಿಗೆ ಬೇಕು, ಡ್ಯಾಶ್‌ಬೋರ್ಡಿನ ಗ್ಲವ್ ಬಾಕ್ಸ್ ಸಾಲದು. ಆದರೆ ಇದು ಹೊರಡುವ ಜಾಗ, ಸೇರುವ ಜಾಗ ಎರಡೂ ಕಡೆ ಪಿಸ್ತೂಲು ಇಟ್ಟುಕೊಂಡು ಓಡಾಡಲು ಹಕ್ಕಿರುವವರಿಗೆ, ನಡುವಿನ ರಾಜ್ಯ ದಾಟಲು ಕೊಟ್ಟ ರಕ್ಷಣೆ. ನೀವು ಸೇರುವ ಊರೇ ನ್ಯೂಜೆರ್ಸಿ.

ಇನ್ನೊಂದು ಮಾತು, ಇದು ಬೇರೆ ಎಲ್ಲಕ್ಕಿಂತ ಮುಖ್ಯ. ಬಂದೂಕಿನ ಕೇಸಿನಲ್ಲಿ ಶಿಕ್ಷೆಯಾದರೆ ಪೌರತ್ವ ಇರುವವರು ಶಿಕ್ಷೆ ಮುಗಿಸಿ ಮನೆಗೆ ಬರುತ್ತಾರೆ. ಗ್ರೀನ್ ಕಾರ್ಡ್‌ನವರ ಕಥೆ ಹಾಗಲ್ಲ. ಅಮೆರಿಕದ ವಲಸೆ ಕಾನೂನಿನಲ್ಲಿ ಬಂದೂಕಿನ ಅಪರಾಧ ಅನ್ನೋದೇ ಗಡೀಪಾರಿಗೆ ಪ್ರತ್ಯೇಕ ಕಾರಣ, ಅದೂ ಬಂದೂಕನ್ನು ಕಾನೂನು ಮೀರಿ ಜೊತೆಗೆ ಇಟ್ಟುಕೊಂಡಿದ್ದೂ ಸೇರಿ. ಗನ್ ಅಂಗಡಿಯಲ್ಲಿ, ಶೂಟಿಂಗ್ ರೇಂಜಿನಲ್ಲಿ ಸಲಹೆ ಕೊಡುವವರು ಹೆಚ್ಚಾಗಿ ಅಲ್ಲೇ ಹುಟ್ಟಿದವರು. ಅವರಿಗೆ ಈ ಭಯ ಇಲ್ಲ, ಅದಕ್ಕೇ ಹೇಳುವುದೂ ಇಲ್ಲ.

ಪ್ರಶ್ನೆ: ಜಾರ್ಜಿಯಾದಲ್ಲಿ 2022ರಿಂದ ಪರ್ಮಿಟ್ಟೇ ಬೇಕಿಲ್ಲ. ನಾನು ಅಮೆರಿಕದ ಪ್ರಜೆ. ಮಸೂದೆ ನಾಳೆ ಕಾನೂನಾದರೆ ಬರೀ ಡ್ರೈವಿಂಗ್ ಲೈಸೆನ್ಸ್ ಜೇಬಿನಲ್ಲಿಟ್ಟುಕೊಂಡು ನ್ಯೂಯಾರ್ಕ್‌ನಲ್ಲಿ ಪಿಸ್ತೂಲಿನ ಜೊತೆ ತಿರುಗಬಹುದು ಎನ್ನುತ್ತಾರೆ. ನನ್ನ ಹೆಂಡತಿ ನಂಬುತ್ತಿಲ್ಲ. (ಅಟ್ಲಾಂಟಾ)

ಉತ್ತರ: ಅವರು ನಂಬದಿರುವುದು ಸಹಜ, ಆದರೆ ಮಸೂದೆಯಲ್ಲಿ ಬರೆದಿರುವುದು ಅದನ್ನೇ. ಫೋಟೊ ಇರುವ ಗುರುತಿನ ಚೀಟಿ ಇರಬೇಕು. ಜೊತೆಗೆ ಯಾವುದಾದರೂ ರಾಜ್ಯದ ಪರ್ಮಿಟ್ ಇರಬೇಕು, ಇಲ್ಲವೇ ಸ್ವಂತ ರಾಜ್ಯದಲ್ಲಿ ಪರ್ಮಿಟ್ ಇಲ್ಲದೆಯೇ ಓಡಾಡುವ ಹಕ್ಕಿರಬೇಕು. 2024ರ ಹೊತ್ತಿಗೆ ಇಂಥ ಪರ್ಮಿಟ್ ಬೇಡದ ರಾಜ್ಯಗಳೇ 29 ಆಗಿದ್ದವು. ಜಗಳವೆಲ್ಲ ಇರುವುದು ಇಲ್ಲಿಯೇ.

ಆದರೆ ನಿಮ್ಮ ಜೊತೆ ಜಾರ್ಜಿಯಾದ ಕಾನೂನು ಪ್ರಯಾಣ ಮಾಡುವುದಿಲ್ಲ. ಹೋಟೆಲ್, ಅಂಗಡಿ, ಯಾರದೋ ಮನೆ, ಯಾವುದೇ ಆಗಲಿ, ಮಾಲೀಕ ಬೇಡ ಅಂದರೆ ಬೇಡ. ರಾಜ್ಯದ, ನಗರಸಭೆಯ ಕಟ್ಟಡ ಮತ್ತು ಪಾರ್ಕುಗಳಲ್ಲಿ ಆಯಾ ರಾಜ್ಯದ ನಿಷೇಧ ಹಾಗೇ ಉಳಿಯುತ್ತದೆ. ಟೈಮ್ಸ್ ಸ್ಕ್ವೇರನ್ನು ನ್ಯೂಯಾರ್ಕ್ 2022ರಲ್ಲೇ ಬಂದೂಕು ನಿಷೇಧದ ಜಾಗ ಮಾಡಿದೆ. ಆ ಬೀದಿಯಲ್ಲಿ ನಿಂತ ನಿಮಗೆ ಕೇಂದ್ರದ ಕಾನೂನು ಅನ್ವಯವೋ ರಾಜ್ಯದ್ದೋ ಎನ್ನುವುದು ಯಾರೋ ಒಬ್ಬ ಸಿಕ್ಕಿಬಿದ್ದು, ಕೋರ್ಟಿಗೆ ಹೋದ ಮೇಲಷ್ಟೇ ಇತ್ಯರ್ಥವಾಗುವ ವಿಷಯ. ಆ ಮೊದಲ ಕೇಸು ನಿಮ್ಮದಾಗದಿರಲಿ. ಮಸೂದೆ ಪಿಸ್ತೂಲಿನ ಜೊತೆ ಅದರ ಮ್ಯಾಗಜೀನ್ (ಗುಂಡು ತುಂಬುವ ಡಬ್ಬಿ), ಅದರೊಳಗಿನ ಗುಂಡನ್ನೂ ಸೇರಿಸಿಕೊಂಡಿದೆ. ನ್ಯೂಜೆರ್ಸಿಯಂಥ ರಾಜ್ಯಗಳು ಮ್ಯಾಗಜೀನಿಗೆ 10 ಗುಂಡಿನ ಮಿತಿ ಹಾಕಿರುವುದರಿಂದ ಸುಮ್ನೆ ಬರೆದ ಸಾಲಲ್ಲ ಅದು.

ಮಸೂದೆ ಏನಾದರೂ ಆಗಲಿ, ಜಾರ್ಜಿಯಾದ ಲೈಸೆನ್ಸ್ ಒಂದನ್ನು ತೆಗೆದುಕೊಂಡಿಡಿ, ಈಗಲೂ ಕೊಡುತ್ತಾರೆ. ಶಾಲೆಯಿಂದ 1000 ಅಡಿಯೊಳಗೆ ಬಂದೂಕು ಇರಬಾರದು ಅಂತ ಕೇಂದ್ರದ ಕಾನೂನೊಂದಿದೆ. ಆ ಶಾಲೆ ಇರುವ ರಾಜ್ಯದ್ದೇ ಲೈಸೆನ್ಸ್ ಇದ್ದವರಿಗೆ ಅದರಲ್ಲಿ ವಿನಾಯಿತಿ. ನಿಮ್ಮಂತೆ ಲೈಸೆನ್ಸೇ ಇಲ್ಲದೆ ತಿರುಗುವವರಿಗೆ ಆ ವಿನಾಯಿತಿ ಇಲ್ಲ. ಮಕ್ಕಳನ್ನು ಶಾಲೆಗೆ ಬಿಡಲು ಹೋಗುವ ದಾರಿಯನ್ನು ಒಮ್ಮೆ ನೆನೆಸಿಕೊಳ್ಳಿ.

ಪ್ರಶ್ನೆ: ಕ್ಯಾಲಿಫೋರ್ನಿಯಾದಲ್ಲಿ ನಾನು 16 ಗಂಟೆ ತರಬೇತಿ ಪಡೆದು, ಬೆರಳಚ್ಚು ಕೊಟ್ಟು, ತಿಂಗಳುಗಟ್ಟಲೆ ಕಾದು ಪರ್ಮಿಟ್ ತೆಗೆದುಕೊಂಡೆ. ಏನೂ ಮಾಡದವನು ಹೊರಗಿಂದ ಬಂದು ನನ್ನ ಸಮಕ್ಕೆ ನಿಲ್ಲುವುದು ಯಾವ ನ್ಯಾಯ? (ಫ್ರೀಮಾಂಟ್)

ಉತ್ತರ: ನಿಮ್ಮ ಸಿಟ್ಟಿನಲ್ಲಿ ಅರ್ಥವಿದೆ. ಆದರೆ ನಿಮಗೆ ಆ ಪರ್ಮಿಟ್ ಸಿಕ್ಕಿದ್ದೂ ಹೊರಗಿನ ಒಂದು ತೀರ್ಪಿನ ಪುಣ್ಯದಿಂದ ಇರಬಹುದು. 2022ರ ಜೂನ್‌ವರೆಗೆ ಕ್ಯಾಲಿಫೋರ್ನಿಯಾದಲ್ಲಿ ಷೆರಿಫ್ ಸಾಹೇಬರಿಗೆ ಸರಿಕಂಡರೆ ಪರ್ಮಿಟ್, ಇಲ್ಲದಿದ್ದರೆ ಇಲ್ಲ. ಬೇ ಏರಿಯಾದಲ್ಲಿ ಸಾಮಾನ್ಯರಿಗೆ ಸಿಗುವುದು ಕಷ್ಟವೇ ಇತ್ತು. ನ್ಯೂಯಾರ್ಕ್‌ನ 1911ರ ಕಾನೂನಿನಲ್ಲಿ, ಎಲ್ಲರಿಗಿಂತ ನಿನಗೇನು ವಿಶೇಷ ಅಗತ್ಯ ತೋರಿಸು ಎನ್ನುವ ಷರತ್ತಿತ್ತು. ಬ್ರೂಯೆನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 6-3ರಿಂದ ಅದನ್ನು ಹೊಡೆದುಹಾಕಿತು, ಉಳಿದ ರಾಜ್ಯಗಳೂ ಬದಲಾಗಬೇಕಾಯಿತು. ನಿಮ್ಮ 16 ಗಂಟೆಯ ನಿಯಮ 2024ರ ಜನವರಿಯಿಂದ ಜಾರಿಗೆ ಬಂದದ್ದು ಅದಕ್ಕೆ ಉತ್ತರವಾಗಿಯೇ.

ಮಸೂದೆಯ ಪರ ಇರುವವರು ಡ್ರೈವಿಂಗ್ ಲೈಸೆನ್ಸಿನ ಉದಾಹರಣೆ ಕೊಡುತ್ತಾರೆ. ಟೆಕ್ಸಾಸ್ ಲೈಸೆನ್ಸ್ ಇಟ್ಟುಕೊಂಡು ಕ್ಯಾಲಿಫೋರ್ನಿಯಾದಲ್ಲಿ ಕಾರು ಓಡಿಸಬಹುದು, ಪಿಸ್ತೂಲಿಗೆ ಮಾತ್ರ ಏಕಿಲ್ಲ ಅಂತ. ಪರೀಕ್ಷೆ ಬರೆಯದೆ ಕಾರು ಓಡಿಸು ಎನ್ನುವ ರಾಜ್ಯ ಒಂದೂ ಇಲ್ಲವಲ್ಲ! ಪರ್ಮಿಟ್ ಇದ್ದವರಿಗೆ ಮಾತ್ರ ಎಂದು ಮಸೂದೆ ಅಲ್ಲಿಗೇ ನಿಂತಿದ್ದರೆ ನಾನೂ ಒಪ್ಪುತ್ತಿದ್ದೆ. ರಸ್ತೆ ಬದಿ ನಿಂತ ಪೊಲೀಸ್, ಪರ್ಮಿಟ್ಟೇ ಇಲ್ಲದವನ ಹಕ್ಕನ್ನು ಯಾವ ಕಾಗದ ನೋಡಿ ಖಚಿತ ಮಾಡಿಕೊಳ್ಳಬೇಕು? ಸೇವೆಯಲ್ಲಿರುವ ಮತ್ತು ನಿವೃತ್ತ ಪೊಲೀಸರಿಗೆ 2004ರಿಂದಲೇ ದೇಶದ ತುಂಬ ಇಟ್ಟುಕೊಳ್ಳುವ ಅವಕಾಶ ಇದೆ, ಅದಕ್ಕಾದರೂ ಗುರುತಿನ ಚೀಟಿ, ನಿವೃತ್ತರಿಗೆ ಗುರಿ ಪರೀಕ್ಷೆಯ ಅರ್ಹತೆ ಅಂತೆಲ್ಲ ಉಂಟು.

ಪ್ರಶ್ನೆ: ಎಚ್-1ಬಿ ವೀಸಾದಲ್ಲಿದ್ದೇನೆ. ನನ್ನ ರಾಜ್ಯದಲ್ಲಿ ಪರ್ಮಿಟ್ ಬೇಡ. ನಾನೂ ಕೊಳ್ಳಬಹುದಾ?

ಉತ್ತರ: ಸಾಮಾನ್ಯವಾಗಿ ಇಲ್ಲ. ತಾತ್ಕಾಲಿಕ ವೀಸಾದಲ್ಲಿ ಇರುವವರು ಬಂದೂಕನ್ನಾಗಲಿ ಗುಂಡನ್ನಾಗಲಿ ಇಟ್ಟುಕೊಳ್ಳುವುದು ಕೇಂದ್ರದ ಕಾನೂನಿನಲ್ಲೇ ಅಪರಾಧ, ರಾಜ್ಯ ಎಷ್ಟೇ ಉದಾರವಾಗಿರಲಿ. ಬೇಟೆಯ ಲೈಸೆನ್ಸ್ ಇದ್ದವರಿಗೆ ವಿನಾಯಿತಿ ಇದೆ. ಅದನ್ನು ಹಿಡಿದುಕೊಂಡು ಪಿಸ್ತೂಲು ಕೊಳ್ಳಿ ಎನ್ನುವ ವಿಡಿಯೊಗಳೂ ಇವೆ. ವಲಸೆ ವಕೀಲರಿಗೆ ಫೀಸು ಕೊಟ್ಟು ಕೇಳದೆ ಆ ದಾರಿಗೆ ಹೋಗಬೇಡಿ. ಎಚ್.ಆರ್. 38 ಕೂಡ ಕೇಂದ್ರ ಕಾನೂನು ತಡೆದವರನ್ನು ಹೊರಗೇ ಇಟ್ಟಿದೆ.

ಪ್ರಶ್ನೆ: ಲೈಸೆನ್ಸ್ ಇಲ್ಲದೆ ಕೋವಿ ಇಟ್ಟುಕೊಳ್ಳುವ ಹಕ್ಕು ನಮಗೆ ಬ್ರಿಟಿಷರ ಕಾಲದಿಂದಲೂ ಇದೆ. ಅಮೆರಿಕದವರು ಈಗ ಮಾಡುತ್ತಿರುವುದೂ ಅದೇ ಅಲ್ವಾ? (ವಿರಾಜಪೇಟೆ)

ಉತ್ತರ: ಹೊರಗಿನಿಂದ ನೋಡಿದರೆ ಒಂದೇ ಥರ, ಬುಡ ಬೇರೆ. ಕೊಡವರಿಗೂ ಜಮ್ಮಾ (ಕೊಡಗಿನ ವಂಶಪಾರಂಪರ್ಯ ಭೂಮಿ) ಹಿಡುವಳಿದಾರರಿಗೂ ಇರುವುದು 1959ರ ಶಸ್ತ್ರಾಸ್ತ್ರ ಕಾಯ್ದೆಯಡಿ ಕೇಂದ್ರ ಸರ್ಕಾರ ಕೊಟ್ಟ ವಿನಾಯಿತಿ. ಅದಕ್ಕೆ ಅವಧಿ ಇದೆ. 2019ರಲ್ಲಿ ವಿಸ್ತರಿಸಿದ್ದು 2029ರವರೆಗೆ. ಅದನ್ನು ಪ್ರಶ್ನಿಸಿದ ಅರ್ಜಿಯನ್ನು ಕರ್ನಾಟಕ ಹೈಕೋರ್ಟ್ 2021ರಲ್ಲಿ ತಳ್ಳಿಹಾಕಿತು. ಅಮೆರಿಕದವರ ವಾದ ನಿಂತಿರುವುದು ಬಂದೂಕಿನ ಹಕ್ಕನ್ನು ಹೇಳುವ ಅವರ ಸಂವಿಧಾನದ ಎರಡನೇ ತಿದ್ದುಪಡಿಯ ಮೇಲೆ, ಅದು ಕುಲಕ್ಕೋ ಜಮೀನಿಗೋ ಸೇರಿದ್ದಲ್ಲ, ಸರ್ಕಾರ ನವೀಕರಿಸುವಂಥದ್ದೂ ಅಲ್ಲ. ಕೈಲ್ ಪೊಳ್ದ್ ಹಬ್ಬದ ದಿನ ಪೂಜೆಗಿಡುವ ಕೋವಿಗೂ ಸೊಂಟದಲ್ಲಿ ಬಚ್ಚಿಟ್ಟ ಪಿಸ್ತೂಲಿಗೂ ಇರುವ ದೂರ ನಿಮಗೆ ನಾನು ಹೇಳಬೇಕಿಲ್ಲ.

ಪ್ರಶ್ನೆ: ಮಗ ಹ್ಯೂಸ್ಟನ್‌ನಿಂದ ಊರಿಗೆ ಬರುತ್ತಿದ್ದಾನೆ. ಅವನಿಗೆ ಶೂಟಿಂಗ್ ಹುಚ್ಚು. ಬಂದೂಕು ತರುವುದಿಲ್ಲ ಅಂತ ಹೇಳಿದ್ದಾನೆ. ಇನ್ನೇನಾದರೂ ಎಚ್ಚರ ಬೇಕಾ? (ಬೆಂಗಳೂರು)

ಉತ್ತರ: ಬೇಕು, ಅದೂ ಹೊರಡುವ ಮುಂಚೆಯೇ. ರೇಂಜಿಗೆ ಒಯ್ಯುವ ಬ್ಯಾಗನ್ನೇ ಪ್ರಯಾಣಕ್ಕೂ ತಂದು, ಮೂಲೆಯಲ್ಲಿ ಮರೆತ ಒಂದೇ ಒಂದು ಗುಂಡಿಗೆ ನಮ್ಮ ವಿಮಾನ ನಿಲ್ದಾಣಗಳಲ್ಲಿ ಕೇಸು ಹಾಕಿಸಿಕೊಂಡವರು ಇದ್ದಾರೆ. ಟೆಕ್ಸಾಸ್ ಲೈಸೆನ್ಸ್ ಇಲ್ಲಿ ಬರೀ ಪ್ಲಾಸ್ಟಿಕ್ ಕಾರ್ಡು. ಗುಂಡು ಇರುವುದು ಗೊತ್ತಿದ್ದೇ ಇಟ್ಟುಕೊಂಡಿದ್ದರೆ ಮಾತ್ರ ಅಪರಾಧ ಅಂತ ನಮ್ಮ ಸುಪ್ರೀಂ ಕೋರ್ಟ್ 1972ರಲ್ಲೇ ಹೇಳಿದೆ. ಆ ಆಧಾರದ ಮೇಲೆ ಇಂಥ ಕೇಸುಗಳು ಹೈಕೋರ್ಟುಗಳಲ್ಲಿ ರದ್ದಾಗುವುದೂ ಉಂಟು, ಆದರೆ ಅಷ್ಟರಲ್ಲಿ ರಜೆಯೂ ವಕೀಲರ ಫೀಸೂ ಹೋಗಿರುತ್ತದೆ. ಹೊಸ ಬ್ಯಾಗ್ ಕೊಳ್ಳಲು ಹೇಳಿ. ಹಳೆಯದನ್ನೇ ತರುತ್ತೇನೆ ಅಂದರೆ ಪ್ರತಿ ಜೇಬನ್ನೂ ಒಳಗಿಂದ ಹೊರಕ್ಕೆ ತಿರುವಿ ಝಾಡಿಸಿ ತರಲಿ.