ದೊಡ್ಡವರಿಗೂ ಹಿರ್ಷ್‌ಸ್ಪ್ರಂಗ್ ಕಾಯಿಲೆ ಇರಬಹುದಾ?

ನಿಮ್ಮ ತಮ್ಮನಿಗೆ ಚಿಕ್ಕಂದಿನಿಂದ ಮಲಬದ್ಧತೆ, ಈಗ 26ನೇ ವಯಸ್ಸಿನಲ್ಲಿ ಡಾಕ್ಟರು ಹಿರ್ಷ್‌ಸ್ಪ್ರಂಗ್ ಇರಬಹುದು ಅಂದಿದ್ದಾರೆ, ಅದು ಮಕ್ಕಳ ಕಾಯಿಲೆ ಅಲ್ವಾ ಎಂದು ಕೇಳಿದ್ದೀರಿ. ದೊಡ್ಡವರಲ್ಲೂ ಸಿಗುತ್ತದೆ. ನನಗೆ ಗೊತ್ತಾಗಿದ್ದು ಮೂವತ್ತು ದಾಟಿದ ಮೇಲೆ.

ಇದು ಹುಟ್ಟಿನಿಂದಲೇ ಇರುವ ತೊಂದರೆ. ಸುಮಾರು 5000 ಮಕ್ಕಳಲ್ಲಿ ಒಬ್ಬರಿಗೆ ಬರುತ್ತದೆ. ಗುದದ್ವಾರದಿಂದ ಮೇಲಕ್ಕೆ ಸ್ವಲ್ಪ ದೂರ ಕರುಳಿನ ಗೋಡೆಯಲ್ಲಿ ಗ್ಯಾಂಗ್ಲಿಯಾನ್ ಎಂಬ ನರಕೋಶಗಳೇ ಇರುವುದಿಲ್ಲ. ಆ ತುಂಡು ಸಡಿಲವಾಗುವುದಿಲ್ಲ. ಸ್ಕ್ಯಾನಿನಲ್ಲಿ ಊದಿಕೊಂಡು ಕಾಣುವುದು ಅದರ ಮೇಲಿನ ಕರುಳು, ತಳ್ಳಿ ತಳ್ಳಿ ಹಾಗಾಗಿರುತ್ತದೆ. ನರವಿಲ್ಲದ ಭಾಗ ಚಿಕ್ಕದಾಗಿದ್ದರೆ ಎನಿಮಾ, ಮಾತ್ರೆ ಅಂತ ವರ್ಷಗಳು ಕಳೆದುಹೋಗುತ್ತವೆ.

ಮೊದಲು ನಿಮ್ಮ ಅಮ್ಮನನ್ನು ಕೇಳಿ: ತಮ್ಮ ಹುಟ್ಟಿದಾಗ ಮೊದಲ ಕಪ್ಪು ಮಲ ಯಾವಾಗ ಹೋಯಿತು? ಎರಡು ದಿನವಾದರೂ ಹೋಗಿರಲಿಲ್ಲ ಎಂದರೆ ಅದನ್ನು ಡಾಕ್ಟರಿಗೆ ಖಂಡಿತ ಹೇಳಿ.

ಕೊಲೊನೊಸ್ಕೋಪಿ (ಕ್ಯಾಮೆರಾ ಕೊಳವೆ ಹಾಕಿ ಕರುಳು ನೋಡುವ ಪರೀಕ್ಷೆ) ನಾರ್ಮಲ್ ಬಂತು ಅಂತ ಸುಮ್ನೆ ಬಿಡಬೇಡಿ. ಅದು ಒಳಪದರವನ್ನು ಮಾತ್ರ ನೋಡುತ್ತದೆ, ನರಕೋಶಗಳು ಅದಕ್ಕಿಂತ ಆಳದಲ್ಲಿರುತ್ತವೆ. ಗುದದ್ವಾರದಿಂದ ಬೇರಿಯಂ ದ್ರವ ತುಂಬಿ ತೆಗೆಯುವ ಬೇರಿಯಂ ಎನಿಮಾ ಎಕ್ಸ್‌ರೇಯಲ್ಲಿ ಕಿರಿದಾದ ಭಾಗ ಎಲ್ಲಿ ಅಗಲವಾಗುತ್ತದೆ ಎಂದು ಕಾಣಬಹುದು. ಮೊದಲೇ ಕರುಳು ತೊಳೆದರೆ ಆ ವ್ಯತ್ಯಾಸ ಮಸುಕಾಗುತ್ತದೆ, ಆದ್ದರಿಂದ ತಯಾರಿ ಹೇಗೆ ಎಂದು ಕೇಳಿಕೊಳ್ಳಿ. ಮ್ಯಾನೊಮೆಟ್ರಿ ಎಂಬ ಒತ್ತಡ ಅಳೆಯುವ ಪರೀಕ್ಷೆಯಲ್ಲಿ ಗುದನಾಳದ ಒಳಗೆ ಸಣ್ಣ ಬಲೂನ್ ಊದುತ್ತಾರೆ. ಆಗ ಗುದದ ಒಳಸ್ನಾಯು ತಾನಾಗಿ ಸಡಿಲಬೇಕು, ಈ ಕಾಯಿಲೆಯಲ್ಲಿ ಸಡಿಲುವುದಿಲ್ಲ. ಮುಜುಗರ ಇದೆ, ನೋವು ಅಷ್ಟಿಲ್ಲ. ಕೊನೆಯ ಮಾತು ಬಯಾಪ್ಸಿಯದೇ, ಅಂದರೆ ಕರುಳಿನ ಗೋಡೆಯ ತುಣುಕು ತೆಗೆದು ಮಾಡುವ ಪರೀಕ್ಷೆ. ದೊಡ್ಡವರಲ್ಲಿ ಗೋಡೆಯ ಪೂರ್ತಿ ದಪ್ಪದ ತುಣುಕು ಬೇಕಾಗುವುದು ಜಾಸ್ತಿ. ಗುದದ್ವಾರಕ್ಕೆ ತೀರಾ ಹತ್ತಿರ ತೆಗೆದರೆ ಉತ್ತರ ತಪ್ಪಬಹುದು, ಅಲ್ಲಿ ಎಲ್ಲರಿಗೂ ನರಕೋಶ ಕಡಿಮೆಯೇ.

ಖಚಿತವಾದರೆ ದಾರಿ ಆಪರೇಷನ್. ನರವಿಲ್ಲದ ಭಾಗವನ್ನು ತೆಗೆದು ಅಥವಾ ಬದಿಗಿಟ್ಟು, ಚೆನ್ನಾಗಿರುವ ಕರುಳನ್ನು ಕೆಳಗೆ ತಂದು ಜೋಡಿಸುತ್ತಾರೆ. ದೊಡ್ಡವರಿಗೆ ಡುಹಾಮೆಲ್ ವಿಧಾನವನ್ನು ಹಲವರು ಆರಿಸುತ್ತಾರೆ. ಅದರಲ್ಲಿ ಗುದನಾಳದ ಮುಂದೆ ಹೆಚ್ಚು ಬಿಡಿಸಬೇಕಾಗಿಲ್ಲ, ಮೂತ್ರ ಮತ್ತು ಲೈಂಗಿಕ ಶಕ್ತಿಯ ನರಗಳಿಗೆ ಅಪಾಯ ಕಡಿಮೆ. ಈ ಅಪಾಯದ ಬಗ್ಗೆ ಡಾಕ್ಟರನ್ನು ಕೇಳಲು ನಿಮ್ಮ ತಮ್ಮ ನಾಚಿಕೊಳ್ಳಬಾರದು. ಕರುಳು ತುಂಬಾ ಊದಿದ್ದರೆ ಕೆಲವು ತಿಂಗಳು ಹೊಟ್ಟೆಯ ಮೇಲೆ ಸ್ಟೋಮಾ (ಮಲ ಚೀಲಕ್ಕೆ ಹೋಗುವಂತೆ ಮಾಡುವ ದ್ವಾರ) ಇಡಬೇಕಾಗಬಹುದು. ಕರುಳು ಜೋಡಿಸಿದ ಮೇಲೆ ಮೊದಮೊದಲು ಪದೇ ಪದೇ ಟಾಯ್ಲೆಟ್‌ಗೆ ಹೋಗಬೇಕಾಗುತ್ತದೆ, ನಿಧಾನವಾಗಿ ಹದಕ್ಕೆ ಬರುತ್ತದೆ.

ಆಪರೇಷನ್‌ಗೆ ಕಾಯುವಾಗ ಹೊಟ್ಟೆ ಬಿಗಿದು ಜ್ವರ, ವಾಂತಿ, ಕೆಟ್ಟ ವಾಸನೆಯ ಭೇದಿ ಶುರುವಾದರೆ ಆ ರಾತ್ರಿಯೇ ಆಸ್ಪತ್ರೆಗೆ ಹೋಗಿ. ಆಪರೇಷನ್ ಆದ ಮೇಲೂ ಇದು ಬರಬಹುದು. ಸರ್ಜನ್ ಆರಿಸುವಾಗ, ಮಕ್ಕಳ ಸರ್ಜನ್ ಒಬ್ಬರನ್ನೂ ಜೊತೆಗೆ ಸೇರಿಸಿಕೊಳ್ಳುತ್ತೀರಾ ಎಂದು ಕೇಳಿ. ಈ ಕಾಯಿಲೆಯನ್ನು ಹೆಚ್ಚು ನೋಡಿರುವವರು ಅವರೇ.