ಪಾಕೆಟ್ ಚಾಕು ತಗೊಳೋ, ಬದ್ಲಿ ಮಾಡೋ ಹುಚ್ಚು ಬಿಡಸೋದು ಹೆಂಗ? ಮೊದ್ಲ ನಿಮ್ಮ ಚಾಕು ಕೊಯ್ತೈತೇನು ನೋಡ್ರಿ

ಹನ್ನೊಂದು ಚಾಕು ಅದಾವು, ತಿಂಗಳಿಗೊಂದು ತಗೋತೀನಿ ಇಲ್ಲಾಂದ್ರ ಯಾರ ಜೋಡೀನರೆ ಬದ್ಲಿ ಮಾಡ್ತೀನಿ, ಎಲ್ಲಾ ಮಾರಿ ಒಂದ ದುಬಾರಿದು ತಗೊಂಡ್ರ ಈ ಹುಚ್ಚು ಬಿಡತೈತೇನು ಅಂತ ಕೇಳೀರಿ. ಬಿಡಂಗಿಲ್ಲ. ನನ್ನ ಕಡೆ ಹದಿನಾಲ್ಕಿದ್ದು, ನಾನೂ ಇದ ವಿಚಾರ ಮಾಡಿದ್ದೆ, ನಿಮ್ಮ ಪ್ರಶ್ನೆ ಓದಿದ್ರ ನಾನ ಬರದಂಗ ಐತಿ.

ನಾ ಬ್ಯಾಡಗಿಯೊಳಗ ಒಂದು ಮೆಣಸಿನಕಾಯಿ ದಲಾಲಿ ಅಂಗಡ್ಯಾಗ ಲೆಕ್ಕಾ ಬರಿಯಾಂವ. ಬರಿಯಾಂವ ಅಂದ್ರ ಬರೇ ಬರಿಯೋದಲ್ಲ, ಚೀಲ ಬಂದ್ರ ಸುತಳಿ ಕೊಯ್ಯೋದು, ಚೀಟಿ ಕಟ್ಟೋದು, ಮೆಣಸಿನಕಾಯ್ಯಾಗ ಡಬ್ಬಿ ಜಾತಿ ಯಾವುದು ಕಡ್ಡಿ ಜಾತಿ ಯಾವುದು ಅಂತ ಬ್ಯಾರೆ ಇಡಸೋದು, ಎಲ್ಲಾ ನಂದ. ಮೊದ್ಲ ಬ್ಲೇಡಿನ ತುಂಡಿಲೆ ಕೊಯ್ತಿದ್ದೆ, ಬಳ್ಳ ಕೊಯ್ಕೊಂಡ ಮ್ಯಾಲ 2018ರಾಗ ವಿಕ್ಟೋರಿನಾಕ್ಸ್ ಕಂಪನಿದು ಪಯನಿಯರ್ ಅನ್ನೋ ಮಡಚೋ ಚಾಕು ಒಂದು ತಗೊಂಡೆ. ಕೆಂಪು ಪ್ಲಾಸ್ಟಿಕ್ಕಿಂದಲ್ಲ, ಬೆಳ್ಳಿ ಬಣ್ಣದ ಅಲ್ಯುಮಿನಿಯಂ ಹಿಡಿಕಿದು, ಮಡಚಿದ್ರ 93 ಮಿಲಿಮೀಟರ್, ಒಂದು ಅಲಗು, ತೂತು ಹಾಕಾಕ ದಬ್ಬಣದಂಥಾದ್ದೊಂದು, ಡಬ್ಬಿ ತಗಿಯೋದೊಂದು, ಬಾಟ್ಲಿ ತಗಿಯೋದೊಂದು, ಅಷ್ಟ. ಬಂದ ದಿನ ಸುತಳಿಗೆ ಹಚ್ಚಿದ್ರ ಬೆಣ್ಣ್ಯಾಗ ಹೋದಂಗ ಹೋತು. ಹಮಾಲರೆಲ್ಲಾ ಬಂದು ಕೈಯಾಗ ಹಿಡದು ನೋಡಿದ್ರು. (ಒಂದ ಮಾತು, ಮೆಣಸಿನಕಾಯಿ ಚೀಲ ಕೊಯ್ದ ಚಾಕಿನಿಂದ ಪ್ಯಾರಲಹಣ್ಣು ಕೊಯ್ಯಬ್ಯಾಡ್ರಿ. ಒರಸಿದ್ರೂ ಹೋಗಂಗಿಲ್ಲ, ಸಂದ್ಯಾಗ ಪುಡಿ ಕುಂತಿರತೈತಿ, ನನ್ನ ಮಗಳು ಅವತ್ತು ಅತ್ತಿದ್ದು ಇನ್ನೂ ನೆನಪೈತಿ.)

ಮುಂದ ಏನಾತು, ಒಂದಾರು ತಿಂಗಳ ಆದ ಮ್ಯಾಲ ಅದರ ಮ್ಯಾಲಿನ ಮನಸ್ಸು ಹೋತು. ಯಾಕ ಹೋತು ಅಂತ ಆವಾಗ ಗೊತ್ತಾಗಲಿಲ್ಲ. ಹಳೇದಾತು, ಬ್ಯಾಸರ ಆತು ಅಂತ ತಿಳಕೊಂಡೆ. ರಾತ್ರಿ ಮೊಬೈಲ್ ಹಿಡಕೊಂಡು ಕುಂದ್ರತಿದ್ದೆ. ಇನ್ನೊಂದು ತಗೊಂಡೆ, ಅದು ಬಂದ ದಿನ ಮತ್ತ ಬೆಣ್ಣಿ. ನಾಕು ತಿಂಗಳಿಗೆ ಅದೂ ಬ್ಯಾಸರ. ಮತ್ತೊಂದು.

ಆವಾಗ ನನಗ ಗೊತ್ತಿದ್ದದ್ದು ಕೇಳ್ರಿ. ವಿಕ್ಟೋರಿನಾಕ್ಸ್ ಚಾಲೂ ಮಾಡಿದ ಕಾರ್ಲ್ ಎಲ್ಸೆನರ್ 1884ರಾಗ ಸ್ವಿಟ್ಜರ್‌ಲ್ಯಾಂಡಿನ ಇಬಾಕ್‌ನಾಗ ಚಾಕು ಮಾಡಾಕ ಚಾಲೂ ಮಾಡಿದ್ದು, 1891ರಾಗ ಅಲ್ಲಿನ ಸೈನ್ಯಕ್ಕ ಕೊಟ್ಟಿದ್ದು, 1897ರಾಗ ಆಫೀಸರ್ ಚಾಕುವಿಗೆ ಪೇಟೆಂಟ್ ಮಾಡಿಸಿದ್ದು, ಅವರವ್ವನ ಹೆಸರು ವಿಕ್ಟೋರಿಯಾ ಅಂತ ಇದ್ದದ್ದಕ್ಕ ಕಂಪನಿಗೆ ಆ ಹೆಸರು ಬಂದದ್ದು. ಫ್ರಾನ್ಸಿನ ಒಪಿನೆಲ್ ಅನ್ನೋ ಕಟಗಿ ಹಿಡಿಕಿ ಚಾಕು 1890ರದ್ದು, ಅಲಗು ಮಡಚಿ ಕೈ ಕೊಯ್ಯಬಾರದು ಅಂತ ಅದಕ್ಕ ತಿರುಗೋ ಉಂಗುರ ಹಾಕಿದ್ದು 1955ರಾಗ. ಯಾವ ಉಕ್ಕಿನಾಗ ಎಷ್ಟು ಕ್ರೋಮಿಯಂ ಅಂತ ಕೇಳಿದ್ರ ನಿದ್ದಿಗಣ್ಣಾಗೂ ಹೇಳ್ತಿದ್ದೆ. ಅಂಗಡಿ ಹುಡುಗೂರು ನನ್ನ ಚಾಕು ಪ್ರೊಫೆಸರ್ ಅಂತಿದ್ರು. ಮಸೆಯೋದು ಮಾತ್ರ ಬರ್ತಿದ್ದಿಲ್ಲ.

2021ರಾಗ ಮನಿಯಾಗ ಜಗಳ ಆತು, ಹೆಂಡತಿ ಮುಂದ ಆಣಿ ಮಾಡಿದೆ, ಇನ್ನ ಖರೀದಿ ಬಂದ್ ಅಂತ. ಆಣಿ ಮುರಿಲಿಲ್ಲ ನಾ, ಖರೀದಿ ಮಾಡಲೇ ಇಲ್ಲ, ಬದ್ಲಿ ಮಾಡಾಕ ಹತ್ತಿದೆ. ಬದ್ಲಿ ಅಂದ್ರ ರೊಕ್ಕ ಹೋಗಂಗಿಲ್ಲಲ್ಲಾ, ಒಂದು ಹೋತು ಒಂದು ಬಂತು, ಲೆಕ್ಕ ಸಮ. ದಿನಾ ಸಾಲ ಜಮಾ ಬರಿಯೋ ಮನಷ್ಯಾ ನಾ, ನನಗ ಈ ಲೆಕ್ಕ ತಿಳಿಲಿಲ್ಲ ನೋಡ್ರಿ. ಒಂಬತ್ತು ಸಲ ಬದ್ಲಿ ಮಾಡೇನಿ. ಪ್ರತಿ ಸಲ ಕೊರಿಯರ್ ಖರ್ಚು, ಪ್ರತಿ ಸಲ “ನಿಂದು ಸ್ವಲ್ಪ ಹಳೇದು, ಮ್ಯಾಲ ಐನೂರು ಕೊಡು”. ಆಮ್ಯಾಲ ಕುಂತು ಕೂಡಿಸಿದ್ರ 11,400 ರೂಪಾಯಿ ಬರೇ ಮ್ಯಾಲಿನ ರೊಕ್ಕ. ಅಷ್ಟರಾಗ ಹೊಸಾ ಪಯನಿಯರ್ ಮೂರು ಬರ್ತಿದ್ದು.

ಆದ್ರ ನನ್ನ ತಪ್ಪು ರೊಕ್ಕದ್ದಲ್ಲ. ತಪ್ಪು ಹುಬ್ಬಳ್ಳ್ಯಾಗ ಆತು, ಅದನ್ನ ಸಾವಕಾಶ ಹೇಳ್ತೀನಿ, ನಿಮಗ ಬೇಕಾದ್ದು ಅದರಾಗ ಐತಿ.

ಒಬ್ರು ಕಾಕಾ ಇದ್ರು, ರೈಲ್ವೆ ವರ್ಕ್‌ಶಾಪಿನಾಗ ಫಿಟ್ಟರ್ ಆಗಿ ರಿಟಾಯರ್ ಆದವರು, ಅವರ ಕಡೆ ಒಂದು ಚೀನಾ ಚಾಕು ಇತ್ತು, ಡಿ2 ಅನ್ನೋ ಬಿರುಸು ಉಕ್ಕಿಂದು, ಕರೇ ಹಿಡಿಕಿ, ಬಳ್ಳು ಒತ್ತಿದ್ರ ಟಪ್ ಅಂತ ತಗೀತಿತ್ತು. ಆ ಟಪ್ ಅನ್ನೋ ಸಪ್ಪಳಕ್ಕ ನಾ ಸೋತೆ. ನನ್ನ ಪಯನಿಯರ್, ಮ್ಯಾಲ 1,800 ರೂಪಾಯಿ, ಇಷ್ಟಕ್ಕ ಮಾತಾತು. ಉಣಕಲ್ ಕೆರಿ ದಂಡಿಗೆ ಒಂದು ಚಾದಂಗಡ್ಯಾಗ ಭೇಟಿ ಆದ್ವಿ. ಗಿರಮಿಟ್ಟು ಮಿರ್ಚಿ ತಿಂದ್ವಿ, ಚಾಕು ಅದಲಾಬದಲಿ ಆತು. ಕಾಕಾ ಪಯನಿಯರ್ ತಗದು ಹೆಬ್ಬಟ್ಟಿನ ಉಗುರಿಗೆ ಅಲಗು ಇಟ್ಟು ನೋಡಿದ್ರು, ಜಾರಿತು. “ತಮ್ಮಾ, ಇದನ್ನ ಯಾಕ ಕೊಡಾಕತ್ತಿ?” ಅಂದ್ರು. “ಕೊಯ್ಯಾಂಗಿಲ್ಲ ಕಾಕಾ, ಬ್ಯಾಸರ ಆಗೈತಿ” ಅಂದೆ. ಕಾಕಾ ನಕ್ಕೋತ ಕೈಚೀಲದಾಗಿಂದ ಒಂದು ಕಲ್ಲು ತಗದ್ರು. ಅಂಗೈಯಷ್ಟು ಉದ್ದ, ಒಂದು ಕಡೆ ಒರಟ, ಒಂದು ಕಡೆ ನುಣುಪ. ಕುಡಿಯೋ ನೀರ ಎರಡು ಹನಿ ಹಾಕಿ, ತೊಡಿ ಮ್ಯಾಲ ಇಟಗೊಂಡು, ಅಲಗಿನ ಬೆನ್ನು ಒಂಚೂರು ಎತ್ತಿ ಎಳಿಯಾಕ ಹತ್ತಿದ್ರು. ಅವಸರ ಇಲ್ಲ ಏನಿಲ್ಲ, ನನ್ನ ಜೋಡಿ ಮೊಮ್ಮಕ್ಕಳ ಸಾಲಿ ಫೀ ಮಾತಾಡಕೋತ. ಒಂದು ಕಡೆ ಆತು, ತಿರಿವಿದ್ರು, ಇನ್ನೊಂದು ಕಡೆ. ನುಣುಪಿನ ಕಡೆ ನಾಕು ಸಲ. ಕಡೀಕ ತಮ್ಮ ಚಪ್ಪಲಿ ಬೆಲ್ಟಿಗೆ ಎರಡು ಸಲ ಹಿಮ್ಮುಖ ಎಳದ್ರು. ಆಮ್ಯಾಲ ಮಿರ್ಚಿ ಕಟ್ಟಿ ಕೊಟ್ಟ ಪೇಪರ್, ಎಣ್ಣಿ ಹತ್ತಿ ಮೆತ್ತಗಾಗಿತ್ತು, ಅದನ್ನ ಎಡಗೈಯಾಗ ಜೋತುಬಿಟ್ಟು ಮ್ಯಾಲಿಂದ ಕೆಳಗ ಅಲಗು ಬಿಟ್ರು. ಸಪ್ಪಳ ಇಲ್ಲದ ಎರಡ ಹೋಳಾತು. ಹತ್ತು ನಿಮಿಷ ಆಗಿರಬೇಕು ಅಷ್ಟ.

ಅದು ನಾ 2018ರಾಗ ಬಿಚ್ಚಿದ ಚಾಕುನ ಆಗಿತ್ತು ಮತ್ತ. ನನ್ನ ಕಣ್ಣ ಮುಂದ.

ಮತ್ತ ನಾ ಏನ ಮಾಡಿದೆ? “ಭಾರಿ ಮಾಡಿದ್ರಿ ಬಿಡ್ರಿ ಕಾಕಾ” ಅಂತ ನಕ್ಕು, ಟಪ್ ಅನ್ನೋ ಚಾಕು ಕಿಸ್ಯಾಗ ಹಾಕ್ಕೊಂಡು, 1,800 ಎಣಿಸಿ ಕೊಟ್ಟು ಬಸ್ ಹತ್ತಿದೆ. ಇದ ನನ್ನ ತಪ್ಪು. ಹಾವೇರಿ ದಾಟೋ ತನಕ ಬಳ್ಳಿಲೆ ಟಪ್ ಟಪ್ ಮಾಡಕೋತ ಬಂದೆ, ಪಕ್ಕದ ಸೀಟಿನ ಅಜ್ಜ ಎದ್ದು ಬ್ಯಾರೆ ಸೀಟಿಗೆ ಹೋದಾ. ಕಾಕಾ ನನಗ ರೋಗಾನೂ ತೋರಿಸಿದ್ರು ಔಷಧಾನೂ ತೋರಿಸಿದ್ರು, ನಾ ಅದನ್ನ ಜಾದೂ ನೋಡಿದಂಗ ನೋಡಿ ಬಂದೆ.

ಯಾಕ ಇದನ್ನ ಇಷ್ಟು ಎಳ್ಯಾಕತ್ತೇನಿ ಅಂದ್ರ, ಹೊಸಾ ಚಾಕು ಬಂದ ದಿನ ಖುಷಿ ಆಗತೈತಲ್ಲ, ಅದು ಬಹಳಷ್ಟು ಫ್ಯಾಕ್ಟರಿಯಾಗ ಮಸೆದು ಕಳಿಸಿದ ಹರಿತದ ಖುಷಿ. ಸುತಳಿ, ರಟ್ಟಿನ ಡಬ್ಬಿ, ಇವು ಮೆತ್ತಗ ಕಾಣತಾವು ಖರೇ, ಆದ್ರ ಅದರಾಗ ಧೂಳ ಮಣ್ಣು ಇರತೈತಿ, ಅಲಗಿನ ಬಾಯಿ ತಿಂದ ಬಿಡತಾವು. ದಿನಾ ಇಷ್ಟಿಷ್ಟ ಮೊಂಡ ಆಗೋದಕ್ಕ ಮೊಂಡ ಆತು ಅಂತ ತಿಳಿಯಂಗಿಲ್ಲ, ಬ್ಯಾಸರ ಆತು ಅಂತ ತಿಳಿತೈತಿ. ವಿಕ್ಟೋರಿನಾಕ್ಸ್ ಅಲಗು ಭಾಳ ಬಿರುಸಲ್ಲ, ಉಕ್ಕಿನ ಬಿರುಸು ಅಳಿಯೋ ರಾಕ್‌ವೆಲ್ ಲೆಕ್ಕದಾಗ 56ರ ಸುತ್ತಮುತ್ತ. ನಾ ಅದನ್ನ ಕಡಿಮಿ ಉಕ್ಕು ಅಂತ ಬೈತಿದ್ದೆ. ಅದು ಲಗೂನ ಮೊಂಡ ಆಗತೈತಿ ಹೌದು, ಆದ್ರ ಕಲ್ಲಿಗೆ ಹಚ್ಚಿದ್ರ ಲಗೂನ ಹರಿತಾನೂ ಆಗತೈತಿ, ಜಂಗೂ ಸುಮ್ಮಸುಮ್ಮನ ಹಿಡಿಯಂಗಿಲ್ಲ. ನಾ ತಗೊಂಡ ಡಿ2 ಅದಕ್ಕಿಂತ ಬಿರುಸು, ಹರಿತ ಭಾಳ ದಿನ ನಿಲ್ಲತೈತಿ, ಆದ್ರ ಒಮ್ಮೆ ಹೋತಂದ್ರ ಕಲಿಯಾಂವನ ಕೈಯಾಗ ವಾಪಸ್ ಬರಂಗಿಲ್ಲ. ಪೂರಾ ಸ್ಟೇನ್‌ಲೆಸ್ಸೂ ಅಲ್ಲ. ಮಾವಿನಕಾಯಿ ಕೊಯ್ದು ಒರಸದ ಮಡಚಿಟ್ಟಿದ್ದೆ, ಮರುದಿನ ನೋಡಿದ್ರ ಚುಕ್ಕಿ ಚುಕ್ಕಿ. ಮಸೆಯಾಕ ಬರದಾಂವ ಮೆತ್ತಂದು ಕೊಟ್ಟು, ಮ್ಯಾಲ ರೊಕ್ಕ ಹಾಕಿ ಬಿರುಸಂದು ತಗೊಂಡ್ನಲ್ಲಾ, ಇದಕ್ಕ ಏನಂತೀರಿ?

ಅದ ವರ್ಷ ಖಂಡೆ ಪೂಜಿಗೆ ಕುಡಗೋಲು, ಕೊಡ್ಲಿ, ಈಳಿಗಿ ಎಲ್ಲಾ ತೊಳದು ಇಡಾಕತ್ತಿದ್ವಿ, ನಾನೂ ಠೀವಿಲೆ ಹದಿನಾಲ್ಕೂ ಚಾಕು ಸಾಲಾಗಿ ಜೋಡಿಸಿದೆ. ಅವ್ವ ಲಿಂಬಿಹಣ್ಣು ಹಿಡಕೊಂಡು ಬಂದು, “ಇಷ್ಟ ಅದಾವಲ್ಲ, ಒಂದು ಕೊಡು ಲಿಂಬಿಹಣ್ಣು ಕೊಯ್ಯಾಕ” ಅಂದ್ಲು. ಕೊಟ್ಟೆ. ಸಿಪ್ಪಿ ಮ್ಯಾಲ ಜಾರಿತು. ಇನ್ನೊಂದು ಕೊಟ್ಟೆ, ಒತ್ತಿದ್ಲು, ರಸಾ ಚಿಮ್ಮಿ ಮಾರಿಗೆ ಹಾರಿತು, ಹಣ್ಣು ಅಪ್ಪಚ್ಚಿ, ಸಿಪ್ಪಿ ಹಂಗ ಐತಿ. ಮೂರನೇದು ಒಪಿನೆಲ್, ಅದರ ಕಟಗಿ ಹಿಡಿಕಿ ಮಳಿಗಾಲದಾಗ ಉಬ್ಬಿ ಅಲಗು ಹೊರಗ ಬರಲೇ ಇಲ್ಲ, ನಾ ಅದರ ಬುಡ ನೆಲಕ್ಕ ಬಡಕೋತ ಕುಂತಿದ್ದೆ (ಅದನ್ನ ತಗಿಯೋ ರೀತಿನ ಹಂಗ ಐತಿ, ಹಿಡಿಕಿ ಬುಡಕ್ಕ ಬಡದ್ರ ಅಲಗು ಸ್ವಲ್ಪ ಹೊರಗ ಬರತೈತಿ). ಅವ್ವ ನನ್ನ ನೋಡಿದ್ಲು, ಈಳಿಗಿ ಎಳಕೊಂಡು ಕುಂತು ಒಂದ ಸಲಕ್ಕ ಲಿಂಬಿಹಣ್ಣು ಎರಡು ಮಾಡಿದ್ಲು. ಆಮ್ಯಾಲ ಹದಿನಾಲ್ಕಕ್ಕೂ ಕುಂಕುಮ ಹಚ್ಚಿದ್ಲು, ಒಂದು ಮಾತು ಆಡಲಿಲ್ಲ.

ಅವತ್ತ ತಿಳೀತು, ಅಷ್ಟೂ ಮೊಂಡ ಅದಾವು ಅಂತ. ಯಾಕಂದ್ರ ನಾ ಮೊಂಡ ಆದದ್ದು ಕೊಟ್ಟು ಮಂದಿದು ತಗೊತಿದ್ದೆ, ಅವರೂ ಮೊಂಡ ಆದದ್ದನ್ನ ಕೊಡ್ತಿದ್ರು. ಫೋಟೋದಾಗ ಮೊಂಡ ಕಾಣಂಗಿಲ್ಲಲ್ಲ. ನಮ್ಮ ಚಾಕು ಹುಚ್ಚಿನ ಮಂದಿಯೆಲ್ಲಾ ಸೇರಿ ಒಂದಷ್ಟು ಮೊಂಡ ಚಾಕು ಕೊರಿಯರಿನಾಗ ಊರೂರು ತಿರಗಸಾಕತ್ತೀವಿ.

ಅದಕ್ಕ, ನಿಮ್ಮ ಪ್ರಶ್ನೆನ ತಪ್ಪೈತಿ ಅಂತೀನಿ, ಸಿಟ್ಟಾಗಬ್ಯಾಡ್ರಿ. ಮನಸ್ಸು ಗಟ್ಟಿ ಮಾಡೋ ಮಾತ ಅಲ್ಲ ಇದು. ಹನ್ನೊಂದು ಮಾರಿ ಒಂದು ದುಬಾರಿದು ತಗೊಂಡ್ರ, ಅದೂ ಆರು ತಿಂಗಳಿಗೆ ಮೊಂಡ ಆಗತೈತಿ, ದುಬಾರಿ ಅಂತ ಕಲ್ಲಿಗೆ ಹಚ್ಚಾಕ ಅಂಜಿಕಿ ಬ್ಯಾರೆ, ಆವಾಗ ಹನ್ನೆರಡನೇದು ಬರತೈತಿ. ಸದ್ಯ ಏನೂ ಮಾರಬ್ಯಾಡ್ರಿ. ಬದ್ಲಿ ಅಂತೂ ಇವತ್ತಿಂದ ಬಂದ್ ಮಾಡ್ರಿ, ಅದು ಖರೀದಿಗಿಂತ ಕೆಟ್ಟದ್ದು, ಖರೀದ್ಯಾಗ ರೊಕ್ಕ ಹೋದದ್ದರೆ ಕಾಣತೈತಿ.

ಮಸೆಯೋ ಕಲ್ಲು ಒಂದು ತಗೋರಿ. ಎರಡೂ ಕಡೆ ಇರೋದು, ಒಂದು ಕಡೆ 400 ನಂಬರಿನ ಒರಟ, ಒಂದು ಕಡೆ 1000 ನಂಬರಿನ ನುಣುಪ. ಹುಬ್ಬಳ್ಳಿ ದುರ್ಗದಬೈಲಿನ ಸುತ್ತ ಹಾರ್ಡ್‌ವೇರ್ ಅಂಗಡ್ಯಾಗ ಕೇಳ್ರಿ, ನಾ ಇನ್ನೂರೈವತ್ತಕ್ಕ ತಂದೇನಿ. ಹನ್ನೊಂದರಾಗ ಅಗ್ಗದ್ದೊಂದು ಕಲಿಯಾಕ ಇಟಗೋರಿ, ಕೆಟ್ರೂ ಕೆಡಲಿ. ಅಲಗಿನ ಬಾಯಿಗುಂಟ ಮಾರ್ಕರ್ ಪೆನ್ನಿಲೆ ಬಣ್ಣ ಹಚ್ಚಿ ಎಳೀರಿ, ಬಣ್ಣ ಎಲ್ಲಿ ಹೋತು ನೋಡಿದ್ರ ನಿಮ್ಮ ಕೈ ಎಷ್ಟು ಎತ್ತೀರಿ ತಿಳಿತೈತಿ, ಒಂದೊಂದು ಕಡೆ ಹದಿನೈದರಿಂದ ಇಪ್ಪತ್ತು ಡಿಗ್ರಿ ಸಾಕು. ಒಂದು ಕಡೆ ಎಳದು ಎಳದು ಇನ್ನೊಂದು ಕಡೆ ಬಳ್ಳು ಅಡ್ಡ ಆಡಿಸಿದ್ರ ಉಕ್ಕು ಹೊರಳಿ ಆದ ಸಣ್ಣ ದಡಿ ಕೈಗೆ ಹತ್ತಬೇಕು, ಅದು ಹತ್ತೋ ತನಕ ತಿರುವಬ್ಯಾಡ್ರಿ. ನಾ ಇದ ಗೊತ್ತಿಲ್ಲದ ಎರಡು ತಿಂಗಳು ಸುಮ್ಮನ ಕಲ್ಲು ತಿಕ್ಕೇನಿ. ಓಣ್ಯಾಗ ಚಕ್ರದ ಸಾಣಿಯಾಂವ ಬರ್ತಾನಲ್ಲ, ಅವ್ವನ ಈಳಿಗಿ ಅವನಿಗೆ ಕೊಡ್ರಿ, ಪಾಕೆಟ್ ಚಾಕು ಬ್ಯಾಡ. ತೆಳು ಅಲಗು ಕಾದು ನೀಲಿ ಬಣ್ಣಕ್ಕ ತಿರುಗಿತಂದ್ರ ಉಕ್ಕಿನ ಹದ ಹೋತು, ಮತ್ತ ಹರಿತ ನಿಲ್ಲಂಗಿಲ್ಲ. ನಂದೊಂದು ಹಂಗ ಹೋಗೈತಿ.

ನನಗ ಆಸಿ ಪೂರಾ ಹೋಗೈತಿ ಅನ್ನಂಗಿಲ್ಲ, ಹೊಸಾದು ಕಂಡ್ರ ಇನ್ನೂ ನಿಂತು ನೋಡ್ತೀನಿ. ಆವಾಗ ಕಿಸ್ಯಾನ ಚಾಕು ತಗದು ಹತ್ತು ನಿಮಿಷ ಕಲ್ಲಿಗೆ ಹಚ್ಚತೀನಿ, ಮುಂಜಾನೆ ಸುತಳಿ ಮ್ಯಾಲ ಬಿಟ್ರ ಮತ್ತ ಬೆಣ್ಣಿ. ಎರಡು ವರ್ಷ ಆತು, ಹೊಸಾದು ಒಂದೂ ಬಂದಿಲ್ಲ, ಹದಿನಾಲ್ಕರಾಗ ಒಂಬತ್ತು ಮಸೆದು ಹಮಾಲರಿಗೆ, ಅಳಿಯಂದಿರಿಗೆ ಕೊಟ್ಟೆ. ಕಾಕಾಗ ಫೋನ್ ಮಾಡಿ ಪಯನಿಯರ್ ವಾಪಸ್ ಕೇಳಿದೆ. “ಬದ್ಲಿಗೆ ಏನ ಕೊಡ್ತಿ?” ಅಂದ್ರು. ಡಿ2 ಕೊಡ್ತೀನಿ ಅಂದ್ರ, ಅದನ್ನ ಮಸೆಯಾಕ ತಮಗ ಬ್ಯಾಸರ ಅಂತ, ಅದಕ್ಕ ನನಗ ಕೊಟ್ಟಿದ್ರಂತ!

ಇವತ್ತ ರಾತ್ರಿ ಒಂದು ಹಳೇ ಪೇಪರ್ ತಗೊಂಡು ಹನ್ನೊಂದೂ ಚಾಕು ಒಂದೊಂದ ಸಲ ಬಿಟ್ಟು ನೋಡ್ರಿ. ಎಷ್ಟು ಚಾಕು ಪೇಪರ್ ಕೊಯ್ತಾವು, ಎಷ್ಟು ಬರೇ ಹರದು ಹಾಕತಾವು ಅಂತ ಕೆಳಗ ಬರೀರಿ, ಯಾವುದರಿಂದ ಚಾಲೂ ಮಾಡಬೇಕು ಹೇಳ್ತೀನಿ.